ಬೀರುವಿನೊಳಗಿನ ಉಸಿರು

ನಿರ್ದೇಶಕ, ಓಕ್ ಸುನ್‌ಬೋಕ್ ಎಂಬ ಹುಡುಗಿಯ ಮೂಗು, ಬಾಯಿ ಎರಡನ್ನೂ ತನ್ನ ಅಂಗೈಯಲ್ಲಿ ಒತ್ತಿ ಹಿಡಿದ. ಆಕೆ ಅವನ ತೋಳಿಗೆ ಬಡಿದಳು. ಆಮೇಲೂ ಸ್ವಲ್ಪ ಹೊತ್ತು ಹಿಡಿದೇ ಇದ್ದು, ನಂತರ ಬಿಟ್ಟ. ಆಕೆಯ ಎದೆಯಿಂದ ಕಿತ್ತುಕೊಂಡು ಬಂದ ಉಸಿರನ್ನು ಧ್ವನಿಮುದ್ರಣ ಯಂತ್ರ ಹಿಡಿದುಕೊಂಡಿತು. ಸಿನಿಮಾದಲ್ಲಿ ಅದು ಮಿನ್ ಯೋನ್‌ಹ್ವಾ ಎಂಬ ತಾರೆಯ ಉಸಿರಾಯಿತು. ಸುನ್‌ಬೋಕ್‌ಳ ಹೆಸರು ಎಲ್ಲೂ ಬರಲಿಲ್ಲ.

ಅದು ಸಿಯೋಲ್ ನಗರದ ಚುಂಗ್‌ಮುರೋ ಎಂಬ ಸಿನಿಮಾದವರ ಬೀದಿಯಲ್ಲಿದ್ದ ಒಂದು ಡಬ್ಬಿಂಗ್ ಕೋಣೆ. ಸುನ್‌ಬೋಕ್‌ಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಆ ಕಾಲದಲ್ಲಿ ತೆರೆಯ ಮೇಲೆ ಕಾಣುವವರು ಒಬ್ಬರು, ಮಾತಾಡುವವರು ಇನ್ನೊಬ್ಬರು. ತಾರೆಯರು ತುಟಿ ಅಲ್ಲಾಡಿಸಿ ಮುಂದಿನ ಸಿನಿಮಾದ ಸೆಟ್ಟಿಗೆ ಓಡುತ್ತಿದ್ದರು. ರೇಡಿಯೋ ನಾಟಕದ ಹುಡುಗ ಹುಡುಗಿಯರು ಒಂದೇ ಮೈಕಿನ ಸುತ್ತ ಭುಜಕ್ಕೆ ಭುಜ ಒತ್ತಿ ನಿಂತು ಅವರ ಬಾಯಿಗೆ ಮಾತು ತುಂಬುತ್ತಿದ್ದರು. ಹಲಗೆಯ ನೆಲ ಕಿರುಗುಟ್ಟುತ್ತದೆಂದು ಬೂಟುಗಳನ್ನು ಬಾಗಿಲಲ್ಲೇ ಬಿಡಬೇಕಿತ್ತು. ಒಲೆ ಭುಸುಗುಟ್ಟುತ್ತದೆಂದು ಕೊರೆಯುವ ಚಳಿಯಲ್ಲೂ ಅದನ್ನು ಆರಿಸುತ್ತಿದ್ದರು. ಆ ತಲೆಮಾರಿನ ಜನ ಕತ್ತಲಲ್ಲಿ ಕೂತು ಕಣ್ಣೀರು ಸುರಿಸಿದ ಪ್ರೇಮದ ಮಾತುಗಳೆಲ್ಲ ಕಾಲುಚೀಲದಲ್ಲಿ ನಿಂತು ಬೆರಳು ಮರಗಟ್ಟಿಸಿಕೊಂಡವರ ಬಾಯಿಂದ ಹೊರಟವು.

ಆ ಸಿನಿಮಾದ ಹೆಸರು ‘ಒದ್ದೆ ಕೈಗವಸು’. ಗಂಡನನ್ನು ಕೊಂದವನು ಮನೆಯೊಳಗೇ ಓಡಾಡುತ್ತಿರುತ್ತಾನೆ, ಹೆಂಡತಿ ಬೀರುವಿನೊಳಗೆ ಬಚ್ಚಿಟ್ಟುಕೊಂಡಿರುತ್ತಾಳೆ. ಅಲ್ಲಿ ಸಂಗೀತವಿಲ್ಲ, ಮಾತಿಲ್ಲ. ಬಾಗಿಲಿನ ಸಂದಿಯಿಂದ ಬಿದ್ದ ಒಂದು ಗೆರೆ ಬೆಳಕಿನಲ್ಲಿ ಹೆಣ್ಣೊಬ್ಬಳ ಕುತ್ತಿಗೆ, ಮತ್ತು ಉಸಿರು. ಕಟ್ಟಿ ಹಿಡಿದು, ಇನ್ನು ಆಗದೆ ಹೊರಬಿದ್ದ ಉಸಿರು. ಆ ಜಾಗಕ್ಕೆ ಬಂದಾಗ ಟಾಕೀಸಿನಲ್ಲಿ ಮಗುವನ್ನು ಎತ್ತಿಕೊಂಡ ತಾಯಂದಿರು ಮಗುವಿನ ಬಾಯಿ ಮುಚ್ಚುತ್ತಿದ್ದರಂತೆ.

ಎಷ್ಟೋ ದಶಕಗಳ ನಂತರ, ಈ ವಸಂತದಲ್ಲಿ ಒಂದು ಕಂಪನಿ ಆ ಹಳೆಯ ಸಿನಿಮಾವನ್ನು ತೊಳೆದು ಒರೆಸಿ, ದಪ್ಪನೆಯ ಡಬ್ಬಿಯಲ್ಲಿ ಡಿಸ್ಕ್ ಮಾಡಿ ಹೊರತಂದಿತು. ಜೊತೆಗೊಂದು ಪುಸ್ತಿಕೆ. ಅದರಲ್ಲಿ ಒಬ್ಬ ಪ್ರೊಫೆಸರು, ನಿರ್ದೇಶಕರು ಮಹಾನಟಿಯಿಂದ ಆ ಉಸಿರನ್ನು ಹೊರತೆಗೆದ ಗುಟ್ಟನ್ನು ಸಾಯುವವರೆಗೂ ಬಿಟ್ಟುಕೊಡಲಿಲ್ಲ ಎಂದು ಭಕ್ತಿಯಿಂದ ಬರೆದಿದ್ದರು.

ಸುನ್‌ಬೋಕ್ ಅಡುಗೆಮನೆಯ ನೆಲದ ಮೇಲೆ ವೃತ್ತಪತ್ರಿಕೆ ಹರಡಿ, ಸಾರಿಗೆಂದು ತಂದ ಮೊಳಕೆಕಾಳಿನ ಬಾಲ ಚಿವುಟುತ್ತಿದ್ದಳು. ಮೊಮ್ಮಗಳು ಹಾರಿಮ್ ಗೋಡೆಗೊರಗಿ, ಡಿಸ್ಕ್ ಕೊಂಡವರು ಬರೆದದ್ದನ್ನು ಫೋನಿನಿಂದ ಓದುತ್ತಿದ್ದಳು. ಒಬ್ಬನಿಗೆ ಡಬ್ಬಿ ಬಹಳ ಹಿಡಿಸಿತ್ತು. ಸಿನಿಮಾ ಬೇಸರವಾದರೆ ಅದರಲ್ಲಿ ಸೋಪು ಇಟ್ಟುಕೊಳ್ಳಬಹುದಂತೆ. ಇನ್ನೊಬ್ಬ, ಮುಖಗಳನ್ನೆಲ್ಲ ಉಜ್ಜಿ ಉಜ್ಜಿ ಮೇಣದ ಗೊಂಬೆ ಮಾಡಿದ್ದಾರೆಂದು ಸಿಡುಕಿದ್ದ. ಮತ್ತೊಬ್ಬಳ ದೂರು, ಹೊದಿಕೆಯ ಮೇಲೇ ಕೊಲೆಗಾರನ ಚಿತ್ರ ಹಾಕಿದ್ದರಿಂದ ಪ್ಲಾಸ್ಟಿಕ್ಕು ಬಿಚ್ಚುವ ಮೊದಲೇ ಸಸ್ಪೆನ್ಸ್ ಮುಗಿದುಹೋಯಿತು ಎಂಬುದು. ಸುನ್‌ಬೋಕ್ ನಕ್ಕಳು. ಆಮೇಲೆ ಹಾರಿಮ್ ಓದುವುದನ್ನು ನಿಲ್ಲಿಸಿದಳು.

“ಯಾಕೇ, ಮುಗೀತಾ?”

“ಇಲ್ಲ ಅಜ್ಜಿ. ಉಳಿದವರೆಲ್ಲ ಒಂದೇ ಮಾತು ಬರ್ದಿದಾರೆ. ಬೀರುವಿನೊಳಗೆ ಉಸಿರೇ ಇಲ್ವಂತೆ. ‘ಅಷ್ಟು ಹೊತ್ತು ಉಸಿರಾಡದೆ ನಿಂತವಳು ಹೆಂಡತಿಯಲ್ಲ, ದೆವ್ವ. ನಮ್ಮಪ್ಪನ ಹಳೇ ಟೇಪಿನಲ್ಲಿತ್ತು, ಇದ್ರಲ್ಲಿ ನುಂಗಿದಾರೆ. ಮಿನ್ ಯೋನ್‌ಹ್ವಾಳ ಉಸಿರು ವಾಪಸ್ ಕೊಡಿ.’”

ಆದದ್ದಿಷ್ಟು. ಹಳೆಯ ಧ್ವನಿಯಲ್ಲಿದ್ದ ಸುಯ್ಯೆನ್ನುವ ಸದ್ದಿನ ಕೊಳೆಯನ್ನು ತೆಗೆಯಲು ಕಂಪನಿ ಯಂತ್ರಕ್ಕೆ ಹೇಳಿತ್ತು. ಯಂತ್ರಕ್ಕೆ ಆ ಉಸಿರೂ ಕೊಳೆಯಾಗಿ ಕಂಡಿತು, ಒರೆಸಿ ಹಾಕಿತು. ಕುಳಿತು ಕೇಳಬೇಕಾದವರು ಕೇಳಲಿಲ್ಲ. ಮೂಲ ಫಿಲ್ಮು ಹುಳಿವಾಸನೆ ಹೊಡೆದು ಅಂಟಿಕೊಂಡಿತ್ತು, ಪ್ರತಿ ತೆಗೆದುಕೊಳ್ಳಲು ಒಮ್ಮೆ ಬಿಚ್ಚಿ ಓಡಿಸಿದ್ದೇ ಪುಡಿಯಾಯಿತು. ತೊಳೆಯುವ ಮುಂಚಿನ ಪ್ರತಿಯನ್ನು ಯಾರೂ ಇಟ್ಟುಕೊಂಡಿರಲಿಲ್ಲ. ಟೇಪುಗಳಲ್ಲಿ ಉಳಿದದ್ದು ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು.

ಆ ಉಸಿರು ಯಾರದೆಂದು ಕಂಪನಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿಲ್ಲದಿದ್ದರೆ, ಜನ ಕೂಗೆಬ್ಬಿಸಿದ ವಾರದಲ್ಲೇ ಕಂಪನಿಯ ಬ್ಯೋನ್ ಟೇಗ್ಯು ಮರಸೇಬಿನ ಪೆಟ್ಟಿಗೆ ಹೊತ್ತು ಸುನ್‌ಬೋಕ್‌ಳ ಮನೆಯಿದ್ದ ಗುಡ್ಡದ ಬೀದಿಯ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಿ ಬರುತ್ತಿರಲಿಲ್ಲ. ಮೊಣಕಾಲೂರಿ ಕೂತು ಆಕೆಯನ್ನು ‘ಗುರುಗಳೇ’ ಎಂದು ಕರೆದ. ಜೀವಮಾನವೆಲ್ಲ ‘ಏಯ್, ಮೈಕು ಬಿಟ್ಟು ಆಚೆ ಸರಿ’ ಎನಿಸಿಕೊಂಡವಳಿಗೆ ಆ ಮಾತು ಬೇರೆ ಯಾರಿಗೋ ಹೇಳಿದಂತಿತ್ತು. ಸ್ಟುಡಿಯೋಕ್ಕೆ ಬಂದು ಆ ಉಸಿರನ್ನು ಇನ್ನೊಮ್ಮೆ ಕೊಡಬೇಕೆಂದು ಬೇಡಿದ. ಡಿಸ್ಕ್ ಕೊಂಡವರಿಗೆಲ್ಲ ಹೊಸದನ್ನು ಕಳಿಸುತ್ತಾರಂತೆ.

ಆಕೆ ಕೇಳಿದ್ದು ಒಂದೇ. ಡಬ್ಬಿಯ ಹಿಂಬದಿಯಲ್ಲಿ, ಎಷ್ಟು ಸಣ್ಣ ಅಕ್ಷರವಾದರೂ ಸರಿ, ಧ್ವನಿ ಓಕ್ ಸುನ್‌ಬೋಕ್ ಎಂದಿರಬೇಕು. ಬ್ಯೋನ್ ತಲೆ ಬಗ್ಗಿಸಿ, ಖಂಡಿತ ಆ ವಿಷಯ ಮಾತಾಡೋಣ ಎಂದ. ಮಾತಾಡೋಣ ಎಂದವನು ಕೊಡುತ್ತೇನೆ ಎನ್ನಲಿಲ್ಲವೆಂಬುದನ್ನು ಹಾರಿಮ್ ಗಮನಿಸಿದಳು. ಸುನ್‌ಬೋಕ್ ಕೂಡ ಗಮನಿಸಿದಳು. ಆದರೂ ಬೆಳಿಗ್ಗೆಯೆದ್ದು ಬೆಚ್ಚಗಿನ ಜೇನುನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಹಬ್ಬಕ್ಕೆ ಉಡುವ ಬಟ್ಟೆ ಹಾಕಿಕೊಂಡು ಹೊರಟಳು. ಅಷ್ಟು ಆಸೆಯಿತ್ತು.

ಸ್ಟುಡಿಯೋದ ಬಾಗಿಲಲ್ಲಿ ಆಕೆ ಬಗ್ಗಿ ಬೂಟು ಬಿಚ್ಚಿದಳು. ನೆಲಕ್ಕೆ ಕಾರ್ಪೆಟ್ ಇದೆ, ಬೇಡ ಎಂದು ಧ್ವನಿ ಹಿಡಿಯುವವನು ನಕ್ಕ. ಆಕೆ ಬೂಟುಗಳನ್ನು ಜೋಡಿಸಿಟ್ಟು ಒಳಗೆ ಹೋದಳು. ಈ ಸಲ ಮೈಕಿನ ಮುಂದೆ ಆಕೆ ಒಬ್ಬಳೇ. ಎಡಬಲಗಳಲ್ಲಿ ಒತ್ತಿ ನಿಲ್ಲುತ್ತಿದ್ದ ಭುಜಗಳೆಲ್ಲ ಮಣ್ಣಾಗಿದ್ದವು. ಅವರಲ್ಲಿ ಒಬ್ಬರ ಹೆಸರೂ ಯಾವ ಡಬ್ಬಿಯ ಮೇಲೂ ಇಲ್ಲ.

ಶುರುಮಾಡುವ ಮುಂಚೆ ಬ್ಯೋನ್ ಒಳಗೆ ಬಂದು ವಿಷಯ ಬಿಚ್ಚಿದ. ಮೂಲ ಧ್ವನಿ ಯಾವುದೋ ಗೋದಾಮಿನಲ್ಲಿ ಸಿಕ್ಕಿತೆಂದು ಪ್ರಕಟಿಸುತ್ತಾರಂತೆ. ಇಂಥ ಸುದ್ದಿ ಜನಕ್ಕೆ ಇಷ್ಟವಂತೆ. ಇದನ್ನು ಅಜ್ಜಿ, ಮೊಮ್ಮಗಳು ಯಾರಿಗೂ ಹೇಳಬಾರದು.

“ಮತ್ತೆ ಹೆಸರು?” ಎಂದಳು ಸುನ್‌ಬೋಕ್.

“ಗುರುಗಳೇ, ನೀವೇ ಯೋಚ್ನೆ ಮಾಡಿ. ಜನಕ್ಕೆ ಮಿನ್ ಯೋನ್‌ಹ್ವಾ ಅಂದ್ರೆ ಆ ಉಸಿರು. ಅದು ಅವರದಲ್ಲ ಅಂತ ಹೇಳಿದ್ರೆ ಅವರದು ಅಂತ ಏನುಳಿಯುತ್ತೆ? ಇಡೀ ಸಿನಿಮಾದ ಮಾತು ಅಲ್ವಲ್ಲ. ಒಂದು ಉಸಿರು.”

“ಇಡೀ ಸಿನಿಮಾದ ಮಾತೂ ನಮ್ಮಜ್ಜಿದೇ ರೀ,” ಎಂದಳು ಬಾಗಿಲ ಬಳಿ ನಿಂತಿದ್ದ ಹಾರಿಮ್.

ಬ್ಯೋನ್ ಕೈಗಡಿಯಾರ ನೋಡಿಕೊಂಡ. ಸುನ್‌ಬೋಕ್ ಕೈಯೆತ್ತಿ ಮೊಮ್ಮಗಳನ್ನು ತಡೆದು, ಗಂಡನಿಗೂ ಹೇಳದಿದ್ದ ಮಾತನ್ನು ಆ ಅಪರಿಚಿತನಿಗೆ ಹೇಳಿದಳು. ಬೀರುವಿನ ದೃಶ್ಯ ಎಷ್ಟು ಸಲ ಮಾಡಿದರೂ ನಿರ್ದೇಶಕನಿಗೆ ಹಿಡಿಸಲಿಲ್ಲ. ನಾಟಕದ ಉಸಿರು ಬೇಡ ಎಂದ. ಹಿಂದಿನಿಂದ ಬಂದು ಮೂಗು ಬಾಯಿ ಮುಚ್ಚಿದ. ಅವನ ಅಂಗೈಯಲ್ಲಿ ಸಿಗರೇಟಿನ ನಾತವಿತ್ತು. ಮೈಕಿನ ಸುತ್ತ ನಿಂತವರೆಲ್ಲ ನೋಡುತ್ತಿದ್ದರು. ಸದ್ದು ಮಾಡಿದರೆ ಫಿಲ್ಮು ಹಾಳಾಗುತ್ತದೆಂದು ಯಾರೂ ಬಾಯಿ ಬಿಡಲಿಲ್ಲ.

“ಅದು ನಟನೆ ಅಲ್ಲಪ್ಪ. ನಾನು ಸಾಯ್ತೀನಿ ಅಂದ್ಕೊಂಡಿದ್ದೆ. ನೀವು ಕೇಳ್ತಿರೋದು ಅದನ್ನ.”

ಹಾರಿಮ್‌ಳ ಮುಖ ಬಿಳಿಚಿಕೊಂಡಿತು. ಬ್ಯೋನ್, ಎಂಥ ತ್ಯಾಗ, ಎಂಥ ಕಲೆ ಎಂದು ಗೊಣಗಿದ. ಆಮೇಲೆ ಗಾಜಿನಾಚೆ ಕಾದಿದ್ದವನ ಕಡೆ ನೋಡಿ, ದನಿ ಮೆತ್ತಗೆ ಮಾಡಿಕೊಂಡ.

“ಹಾಗಾದ್ರೆ ಗುರುಗಳೇ, ಈಗ್ಲೂ ನೀವೇ ಸ್ವಲ್ಪ ಹೊತ್ತು ಮೂಗು ಹಿಡ್ಕೊಂಡಿದ್ದು, ಆಮೇಲೆ ಬಿಟ್ರೆ... ಅದೇ ಬರಬಹುದು, ಅಲ್ವಾ?”

ಕೋಪ ಬರಬೇಕಿತ್ತು. ಬಂದದ್ದು ಅಸಹ್ಯ, ಬಾಯೊಳಗೆ ಹಳೆಯ ಸಿಗರೇಟಿನ ರುಚಿ. ಆ ನಿರ್ದೇಶಕನಿಗೆ ತನ್ನ ಕೈಯನ್ನೇ ಬಳಸುವಷ್ಟು ನಾಚಿಕೆಗೇಡಿತನವಾದರೂ ಇತ್ತು. ಇವನಿಗೆ ಅದಕ್ಕೂ ಆಕೆಯ ಕೈಯೇ ಬೇಕು.

ಆಕೆ ಮೈಕಿನ ಕಡೆ ತಿರುಗಿದಳು. ಒಪ್ಪಿದಳೆಂದುಕೊಂಡು ಬ್ಯೋನ್ ಆಚೆ ಓಡಿದ. ದೀಪಗಳು ಆರಿದವು, ಕೆಂಪು ದೀಪ ಹೊತ್ತಿತು. ತೆರೆಯ ಮೇಲೆ ಬೀರುವಿನ ಕತ್ತಲು ಬಂತು, ಸಂದಿಯ ಬೆಳಕು ಬಂತು. ಮಿನ್ ಯೋನ್‌ಹ್ವಾಳ ಎದೆ ಸದ್ದಿಲ್ಲದೆ ಏರಿತು, ಇಳಿಯಿತು. ಮೇಣದಂತೆ ಹೊಳೆಯುವ ಆ ಮುಖದಲ್ಲಿ ತುಟಿ ತೆರೆದೇ ಇತ್ತು, ಯಾರಾದರೂ ಏನಾದರೂ ತುಂಬಲಿ ಎಂದು ಕಾಯುವಂತೆ.

ಸುನ್‌ಬೋಕ್ ತುಟಿ ಬಿಗಿದು ನಿಂತಳು. ದೃಶ್ಯ ಓಡಿ ಮುಗಿಯಿತು. ಮತ್ತೆ ಮೊದಲಿನಿಂದ ಹಾಕಿದರು. ಆ ಎದೆ ಮತ್ತೆ ಏರಿತು, ಇಳಿಯಿತು.

“ಗುರುಗಳೇ, ಮೈಕು ತೆರೆದಿದೆ,” ಎಂದಿತು ಹೆಡ್‌ಫೋನಿನಲ್ಲಿ ಬ್ಯೋನ್‌ನ ದನಿ. “ಉಸಿರು ಬಿಡಿ.”

ಆಕೆ ಮೈಕಿನ ಹತ್ತಿರಕ್ಕೆ ಬಾಗಿ, ಸಿನಿಮಾದ ಯಾವ ಹೆಂಗಸಿನದೂ ಅಲ್ಲದ ತನ್ನ ಸ್ವಂತ ದನಿಯಲ್ಲಿ ಹೇಳಿದಳು:

“ಬಿಡೋದಿಲ್ಲ.”