ಎರೆಸ್‌ನ ಸ್ಕೀ

ಗಂಡ ಸತ್ತ ಮರುವರ್ಷ, ಮೊದಲ ಹಿಮ ಬಿದ್ದ ವಾರವೇ ಚೊದುರಾ ಕೊಡಲಿ ಹೆಗಲಿಗೇರಿಸಿಕೊಂಡು ಕಾಡಿಗೆ ಹೋಗಿ ಒಂದು ಸ್ಪ್ರೂಸ್ ಮರ ಕಡಿದಳು. ಗಂಟಿಲ್ಲದ, ನೂಲು ಹಿಡಿದು ಎಳೆದಂತೆ ನೆಟ್ಟಗಿದ್ದ ಬೊಡ್ಡೆ. ಮುದಿ ಕುದುರೆಗೆ ಹಗ್ಗ ಕಟ್ಟಿ ಅದನ್ನು ಅಂಗಳಕ್ಕೆ ಎಳೆಸಿಕೊಂಡು ಬಂದಾಗ ಬೇಲಿಯಾಚೆ ನಿಂತಿದ್ದ ಸೊತ್ಪಾ ಕೆಮ್ಮಿದ.

"ಏನಮ್ಮ, ಮನೆಗೆ ತೊಲೆ ಹಾಕಿಸ್ತೀಯಾ?"

"ಸ್ಕೀ ಮಾಡ್ಕೊತೀನಿ."

"ಯಾರು, ನೀನಾ?" ಸೊತ್ಪಾ ನಕ್ಕ. "ರೊಟ್ಟಿ ಲಟ್ಟಿಸಿದಂಗೆ ಅಂದ್ಕೊಂಡ್ಯಾ?"

"ಕೊಳೆತ ಮರದಲ್ಲಿ ಮಾಡಿ ಒಡಹುಟ್ಟಿದವನನ್ನ ಕೊಂದೋರೇ ಮಾಡ್ಬಹುದಾದ್ರೆ, ನಾನ್ಯಾಕೆ ಮಾಡ್ಬಾರದು?"

ಸೊತ್ಪಾನ ನಗು ನಿಂತಿತು. ಅವನು ಮರುಮಾತಾಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಒಂದು ವರ್ಷದಿಂದ ಇದೇ ನಡೆದಿತ್ತು. ಅವಳು ಅದೊಂದು ಮಾತು ಎತ್ತಿದರೆ ಸಾಕು, ಅವನ ಬಾಯಿ ಕಟ್ಟಿಹೋಗುತ್ತಿತ್ತು. ತಪ್ಪು ಮಾಡಿದವನ ಮೌನವಲ್ಲದೆ ಅದು ಇನ್ನೇನು ಎಂದು ಚೊದುರಾ ತೀರ್ಮಾನಿಸಿಬಿಟ್ಟಿದ್ದಳು.

ಸೊತ್ಪಾ ಅವಳ ಗಂಡ ಎರೆಸ್‌ನ ಅಣ್ಣ. ಅಲ್ತಾಯ್ ಬೆಟ್ಟದ ಆ ನಲವತ್ತು ಮನೆಗಳ ಊರಿನಲ್ಲಿ ಸ್ಕೀ ಮಾಡುವವನೆಂದರೆ ಅವನೊಬ್ಬನೇ. ಆರು ತಿಂಗಳು ಸೊಂಟದವರೆಗೆ ಹಿಮ ನಿಲ್ಲುವ ಜಾಗ. ಸ್ಕೀ ಇಲ್ಲದವನು ಅಲ್ಲಿ ಕಾಲಿಲ್ಲದವನಂತೆಯೇ. ಹಿಂದಿನ ಚಳಿಗಾಲದಲ್ಲಿ ಎರೆಸ್ ಅಣ್ಣ ಮಾಡಿಕೊಟ್ಟ ಹೊಸ ಸ್ಕೀ ಮೆಟ್ಟಿ ಗುಡ್ಡದಾಚೆಯ ಕುದುರೆಗಳನ್ನು ನೋಡಿಬರಲು ಹೋಗಿದ್ದ. ಇಳಿಜಾರಿನ ನಡುವೆ ಬಲಗಾಲಿನ ಸ್ಕೀ ಪಾದದ ಹತ್ತಿರ ಲಟ್ಟನೆ ಮುರಿದು, ಅವನು ಮರಕ್ಕೆ ಅಪ್ಪಳಿಸಿದ. ಮೂರನೆಯ ದಿನ ಜೀವ ಹೋಯಿತು. ಹೆಣದ ಮುಂದೆ ಊರಿಗೆ ಊರೇ ನೆರೆದಿದ್ದಾಗ ಚೊದುರಾ ಸೊತ್ಪಾನತ್ತ ಬೆರಳು ತೋರಿಸಿ, "ಇವನು ಕಟ್ಟಿಕೊಟ್ಟ ಕೊಳೆತ ಮರವೇ ನನ್ನ ಗಂಡನ್ನ ತಿಂತು" ಎಂದು ಕೂಗಿದ್ದಳು. ಅಂದಿನಿಂದ ಅವನನ್ನು ಬಾವ ಎಂದು ಕರೆಯುವುದನ್ನೂ, ನೀವು ಎನ್ನುವುದನ್ನೂ ಬಿಟ್ಟಳು. ಊರಿನವರು ಬಾಯಿಬಿಟ್ಟು ಏನೂ ಅನ್ನಲಿಲ್ಲ, ಆದರೆ ಆ ವರ್ಷ ಯಾರೂ ಹೊಸ ಸ್ಕೀ ಕೇಳಿಕೊಂಡು ಸೊತ್ಪಾನ ಬಾಗಿಲಿಗೆ ಹೋಗಲಿಲ್ಲ.

ಅವಳ ಐದು ಕುದುರೆಗಳು ಈಗಲೂ ಗುಡ್ಡದಾಚೆಯೇ ಹಿಮ ಕೆದರಿ ಮೇಯುತ್ತಿದ್ದವು. ವಾರಕ್ಕೊಮ್ಮೆಯಾದರೂ ಯಾರಾದರೂ ಹೋಗಿ ನೋಡಬೇಕು. ಪಕ್ಕದ ಮನೆಯ ಸಾಯ್ಲಿಕ್‌ಳನ್ನು ಎಷ್ಟು ಸಲ ಬೇಡುವುದು?

ಬೊಡ್ಡೆ ಸೀಳಲು ಮೂರು ದಿನ ಹಿಡಿಯಿತು. ಎರಡು ಹಲಗೆ ತೆಗೆದು, ಕೆತ್ತಿ, ತುದಿಯನ್ನು ಕುದಿಯುವ ನೀರಿನಲ್ಲಿ ನೆನೆಸಿಟ್ಟು, ಎರಡು ದಿಮ್ಮಿಗಳ ಸಂದಿಗೆ ಸಿಕ್ಕಿಸಿ ಬಗ್ಗಿಸಿದಳು. ಆತುರ ಮಾಡಿದಳು. ಹಲಗೆ ಮೂಳೆ ಮುರಿದಂಥ ಸದ್ದು ಮಾಡಿ ಸೀಳಿಹೋಯಿತು.

ಸದ್ದು ಕೇಳಿ ಸೊತ್ಪಾ ಬೇಲಿಯ ಮೇಲೆ ಮೊಣಕೈ ಊರಿದ.

"ಒಲೆಗೆ ಹಾಕು. ಚೆನ್ನಾಗಿ ಉರಿಯುತ್ತೆ."

"ನಿನ್ನ ಮುಖ ಕಂಡಿದ್ದಕ್ಕೇ ಮುರೀತು."

"ಒಂದು ಮಗ್ಗುಲು ಬೇಯಿಸಿ ಇನ್ನೊಂದು ಮಗ್ಗುಲು ಹಸಿ ಬಿಟ್ರೆ ಮುರೀದೆ ಏನಾಗುತ್ತೆ? ಮರಕ್ಕೆ ನಿನ್ನ ಸಿಟ್ಟು ಗೊತ್ತಾಗುತ್ತೇನು?"

"ಕೇಳಿದ್ನಾ ನಿನ್ನ? ಹೋಗಯ್ಯ, ಹೋಗಿ ನಿನ್ನ ಕೆಲಸ ನೋಡ್ಕೋ. ಓ, ಕೆಲಸ ಎಲ್ಲಿದೆ ನಿನಗೆ!"

ಅವನು ಹಿಮದ ಮೇಲೆ ಉಗಿದು ಹೊರಟುಹೋದ. ಚೊದುರಾಳಿಗೆ ತೃಪ್ತಿಯಾಯಿತು. ಆದರೂ ಮುಂದಿನ ಹಲಗೆಯನ್ನು ಎರಡೂ ಮಗ್ಗುಲು ತಿರುವಿ ತಿರುವಿ ಬೇಯಿಸಿದಳು. ಈ ಸಲ ಅದು ಬಗ್ಗಿತು.

ಚಳಿಗಾಲದ ಮಾಂಸಕ್ಕೆಂದು ಮುದಿ ಕುದುರೆಯನ್ನು ಕೊಯ್ದ ದಿನ ಇನ್ನೊಂದು ಜಗಳ. ಕುದುರೆಯ ಕಾಲಿನ ಚರ್ಮವನ್ನು ಸ್ಕೀಯ ಅಡಿಭಾಗಕ್ಕೆ ಹೊಲಿಯುತ್ತಾರೆ. ಕೂದಲು ಹಿಂದಕ್ಕೆ ಮಲಗಿರುವುದರಿಂದ ಮುಂದಕ್ಕೆ ಜಾರುತ್ತದೆ, ಏರು ಹತ್ತುವಾಗ ಹಿಂದಕ್ಕೆ ಜಾರಗೊಡುವುದಿಲ್ಲ. ಊರಿನಲ್ಲಿ ಯಾರು ಕುದುರೆ ಕೊಯ್ದರೂ ಆ ನಾಲ್ಕು ಕಾಲಿನ ಚರ್ಮ ಸೊತ್ಪಾನಿಗೆ ಹೋಗುವುದು ವಾಡಿಕೆ. ಅವನು ಬಂದು ಸುಮ್ಮನೆ ಕೈ ಚಾಚಿ ನಿಂತ. ಚೊದುರಾ ರಕ್ತ ಮೆತ್ತಿದ ಚಾಕುವನ್ನು ಕೆಳಗಿಡದೆಯೇ, "ನಾಯಿಗಾದ್ರೂ ಹಾಕ್ತೀನಿ, ನಿನಗೆ ಕೊಡಲ್ಲ" ಅಂದಳು. ಸಾಯ್ಲಿಕ್ ಅವಳ ತೋಳು ಹಿಡಿದು, "ಬಿಡೇ, ಸಾಕು" ಅಂದರೂ ಕೇಳಲಿಲ್ಲ.

ಕೊನೆಯ ಕೆತ್ತನೆಗೆ ಅವಳು ಎರೆಸ್‌ನ ಕೊಕ್ಕೆಗತ್ತಿಯನ್ನು ಹೊರತೆಗೆದಳು. ಅದು ಅವಳ ಕೈಗೆ ಒಗ್ಗಲಿಲ್ಲ. ಎರೆಸ್ ಎಡಚ. ಕತ್ತಿಯ ಅಂಚನ್ನು ಎಡಗೈಗೆ ಬೇಕಾದಂತೆ ಮಸೆದುಕೊಂಡಿದ್ದ. ಬಲಗೈಯಲ್ಲಿ ಹಿಡಿದರೆ ಅದು ಮರವನ್ನು ಕಚ್ಚದೆ ಜಾರುತ್ತಿತ್ತು. ಎರಡು ಸಲ ಹೆಬ್ಬೆರಳು ಕೊಯ್ದುಕೊಂಡ ಮೇಲೆ ಅವಳು ಹಟ ಹಿಡಿದು ಎಡಗೈಯಲ್ಲೇ ಕೆತ್ತುವುದನ್ನು ಕಲಿತಳು. ಕತ್ತಿ ಹೋದಲ್ಲೆಲ್ಲ ಬಲದಿಂದ ಎಡಕ್ಕೆ ಓರೆಯಾದ ಸಣ್ಣ ಸಣ್ಣ ಗೀರು ಬೀಳುತ್ತಿದ್ದವು.

ಆದರೆ ಪಾದ ಊರುವ ಜಾಗ ಎಷ್ಟು ದಪ್ಪ ಇರಬೇಕು? ಅದೊಂದು ಅವಳಿಗೆ ಗೊತ್ತಿರಲಿಲ್ಲ. ಎರೆಸ್‌ನ ಸ್ಕೀ ಸೊತ್ಪಾನ ಕೊಟ್ಟಿಗೆಯಲ್ಲಿತ್ತು. ಅಪಘಾತವಾದ ದಿನವೇ ಅವನು ಅದನ್ನು ಕಣಿವೆಯಿಂದ ಎತ್ತಿಕೊಂಡು ಬಂದು ಒಳಗಿಟ್ಟವನು ಯಾರಿಗೂ ತೋರಿಸಿರಲಿಲ್ಲ. ಸಾಕ್ಷಿ ಬಚ್ಚಿಟ್ಟಿದ್ದಾನೆ ಎಂದು ಅವಳು ಊರೆಲ್ಲ ಹೇಳಿಕೊಂಡು ಬಂದಿದ್ದಳು. ಒಂದು ಮಧ್ಯಾಹ್ನ ಅವನು ಹುಲ್ಲು ತರಲು ಹೋದದ್ದನ್ನು ನೋಡಿ ಚೊದುರಾ ಬೇಲಿ ದಾಟಿದಳು.

ಹಳೆಯ ಕಂಬಳಿಯ ಅಡಿಯಲ್ಲಿ ಸ್ಕೀ ಸಿಕ್ಕಿತು. ಅವಳು ಬೆಳಕಿಗೆ ಹಿಡಿದು ಮುರಿದ ಬಾಯಿಯನ್ನು ನೋಡಿದಳು. ಕೊಳೆತ ಕಲೆ ಇರಲಿಲ್ಲ. ಗಂಟೂ ಇರಲಿಲ್ಲ. ಮರ ಜೇನಿನ ಬಣ್ಣಕ್ಕಿತ್ತು, ಅಪ್ಪಟ. ಪಾದದ ಕೆಳಗೆ ಹಾಸುವ ಭೂರ್ಜದ ತೊಗಟೆ ಒಂದು ಕಡೆ ಕಿತ್ತುಹೋಗಿತ್ತು. ಅವಳು ಅದನ್ನು ಪೂರ್ತಿ ಎತ್ತಿದಳು. ಆಚೀಚೆ ಹೆಬ್ಬೆರಳಿನಷ್ಟು ದಪ್ಪವಿದ್ದ ಹಲಗೆ ಅಲ್ಲಿ ಕಿರುಬೆರಳಿನ ಅರ್ಧದಷ್ಟೂ ಇರಲಿಲ್ಲ. ಯಾರೋ ಕೆತ್ತಿ ಕೆತ್ತಿ ತೆಳುವಾಗಿಸಿದ್ದರು. ಗೀರುಗಳು ಬಲದಿಂದ ಎಡಕ್ಕೆ ಓರೆಯಾಗಿದ್ದವು.

ಹಿಂದಿನ ಚಳಿಗಾಲದಲ್ಲಾಗಿದ್ದರೆ ಅದೇ ಹಲಗೆ ಹಿಡಿದುಕೊಂಡು ನೋಡಿದ್ದರೂ ಅವಳಿಗೆ ಏನೂ ಕಾಣುತ್ತಿರಲಿಲ್ಲ.

"ಕಳ್ಳಿ!" ಬಾಗಿಲಲ್ಲಿ ಸೊತ್ಪಾ ನಿಂತಿದ್ದ. "ಇಡು ಅದನ್ನ ಕೆಳಗೆ."

"ಇದು ನಿಮ್ಮ ಕೆತ್ತನೆ ಅಲ್ಲ." ನೀವು ಎಂದದ್ದು ಅವಳ ಅರಿವಿಗೇ ಬರಲಿಲ್ಲ.

"ಇಡು ಅಂದೆ."

"ನಿಮ್ಮ ತಮ್ಮ ಯಾಕೆ ಹೀಗೆ ಮಾಡಿದ್ರು?"

ಸೊತ್ಪಾ ಮುಂದೆ ಬಂದು ಸ್ಕೀಯನ್ನು ಅವಳ ಕೈಯಿಂದ ಕಿತ್ತುಕೊಂಡ. "ಹಗುರ ಬೇಕು ಅಂದ. ಹಬ್ಬದ ಪಂದ್ಯದಲ್ಲಿ ಗೆಲ್ಬೇಕಂತೆ. ಆಗಲ್ಲ, ಮುರಿಯುತ್ತೆ ಅಂದೆ. ಹೂಂ ಅಂದ, ತಗೊಂಡು ಹೋದ. ಮೇಲೆ ತೊಗಟೆ ಮುಚ್ಚಿದ್ದ, ನಾನು ಮತ್ತೆ ತೆಗೆದು ನೋಡ್ಲಿಲ್ಲ. ಕಣಿವೆಲಿ ಹೆಕ್ಕಿಕೊಂಡಾಗಲೇ ಕಂಡಿದ್ದು."

"ಒಂದು ವರ್ಷ! ನಾನು ಬಾಯಿಗೆ ಬಂದಂಗೆ ಅಂತಿದ್ದೆ. ಒಂದು ಮಾತು ಹೇಳೋಕ್ಕೆ ಏನಾಗಿತ್ತು ನಿಮಗೆ?"

"ಹೇಳಿದ್ರೆ ನಂಬ್ತಿದ್ಯಾ? ಹೆಣ ಮುಂದಿಟ್ಕೊಂಡು, ಇವನು ತನ್ನ ಕೈಯಾರೆ ಸತ್ತ, ಪೆದ್ದ ಅನ್ಬೇಕಿತ್ತಾ ನಾನು? ನನ್ನ ತಮ್ಮ ಅವನು." ಅವನ ದನಿ ಏರಿತು. "ನಿನಗೂ ಉಗಿಯೋಕೆ ಒಂದು ಮುಖ ಬೇಕಿತ್ತು. ಉಗಿದೆ. ಈಗ ತೊಲಗು ಇಲ್ಲಿಂದ."

ಮರುದಿನ ಬೆಳಗ್ಗೆ ಹೊಳೆಯ ಹಿಮಗಡ್ಡೆಯಲ್ಲಿ ಕೊರೆದ ನೀರಿನ ಗುಂಡಿಯ ಹತ್ತಿರ ಹೆಂಗಸರು ಸೇರಿದ್ದಾಗ ಚೊದುರಾ ಬಕೆಟ್ ಕೆಳಗಿಟ್ಟು ಹೇಳಿದಳು. ಮರ ಚೆನ್ನಾಗಿತ್ತು. ಎರೆಸ್ ತಾನೇ ಅದನ್ನು ಕೆತ್ತಿ ತೆಳು ಮಾಡಿಕೊಂಡಿದ್ದ. ಬಾವನ ತಪ್ಪಿಲ್ಲ, ತಪ್ಪು ಆಡಿದ್ದು ನಾನು. ಸಾಯ್ಲಿಕ್ ಮಾತ್ರ ಹತ್ತಿರ ಬಂದು ಬಕೆಟ್ ತುಂಬಿಕೊಟ್ಟಳು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಧ್ಯಾಹ್ನದೊಳಗೆ ಸುದ್ದಿ ಸೊತ್ಪಾನಿಗೆ ಮುಟ್ಟಿತು. ಅವನು ಟೋಪಿಯನ್ನೂ ಹಾಕಿಕೊಳ್ಳದೆ ಅವಳ ಅಂಗಳಕ್ಕೆ ನುಗ್ಗಿದ.

"ಯಾರು ಹೇಳು ಅಂದ್ರು ನಿನಗೆ? ಹಾಂ?"

"ನಿಮ್ಮ ಮೇಲಿನ ಮಾತು ಕಳೀಬೇಕಿತ್ತು, ಬಾವ."

"ನನ್ನ ಮೇಲೆ ಇತ್ತು, ನಾನು ಹೊತ್ಕೊಂಡಿದ್ದೆ! ಈಗ ಊರಲ್ಲಿ ಹೋಗಿಬರೋರೆಲ್ಲ ಅವನನ್ನ ನೆನೆದು ನಗ್ತಾರೆ. ಸತ್ತವನು ಎದ್ದು ಬಂದು ಜವಾಬು ಕೊಡ್ತಾನಾ? ಮೊದಲು ನನ್ನ ಹೆಸರು ತಿಂದೆ, ಈಗ ಅವನದು. ಹೊಟ್ಟೆ ತುಂಬ್ತಾ?"

"ನಿಜ ಹೇಳಿದ್ದೂ ತಪ್ಪಾ?"

"ನಿಜ ನಿನ್ನೊಬ್ಬಳಿಗೇ ಗೊತ್ತಿತ್ತೇನು!" ಅವನು ಅಂಗಳದಲ್ಲಿ ಒರಗಿಸಿದ್ದ ಅವಳ ಹೊಸ ಸ್ಕೀಯತ್ತ ನೋಡಿದ. ಒದೆಯುತ್ತಾನೇನೋ ಎಂದು ಅವಳು ಅಡ್ಡ ನಿಂತಳು. ಅವನು ಒದೆಯಲಿಲ್ಲ. ಬಾಗಿ ಪಾದದ ಜಾಗವನ್ನು ಬೆರಳಿನಿಂದ ಒತ್ತಿ ನೋಡಿ, "ಇನ್ನು ಒಂದು ಚೂರೂ ಕೆತ್ತಬೇಡ" ಅಂದ. ಆಮೇಲೆ, "ಇನ್ಮೇಲೆ ನನ್ನ ಹತ್ರ ಮಾತಾಡಬೇಡ" ಅಂದು ಹೊರಟುಹೋದ.

ಅವಳು ಕೆತ್ತಲಿಲ್ಲ. ಹಸಿ ಚರ್ಮವನ್ನು ಅಡಿಗೆ ಎಳೆದು ಬಿಗಿದು, ಅಂಚಿಗೆ ತೊಗಲಿನ ದಾರ ಹೊಲಿದು, ವಾರ ಒಣಗಿಸಿದಳು. ಅಷ್ಟರಲ್ಲಿ ಸೊತ್ಪಾನ ಅಂಗಳದಲ್ಲಿ ಇಬ್ಬರು ಬೇಟೆಗಾರರು ಮರದ ಬೊಡ್ಡೆ ತಂದು ಇಳಿಸಿದ್ದನ್ನು ಕಂಡಳು. ಅವನು ಅವರನ್ನೂ ಬೈಯುತ್ತಲೇ ಇದ್ದ. "ವರ್ಷ ಪೂರ್ತಿ ಎಲ್ಲಿ ಸತ್ತಿದ್ರಿ?" ಎಂಬ ಮಾತು ಬೇಲಿಯೀಚೆಗೂ ಕೇಳಿಸಿತು. ಆದರೆ ಬೊಡ್ಡೆಯನ್ನು ಹಿಂದೆ ಕಳಿಸಲಿಲ್ಲ.

ಬಿಸಿಲೇರಿದ ಒಂದು ಬೆಳಗ್ಗೆ ಚೊದುರಾ ಒಂದೇ ಉದ್ದ ಕೋಲು ಹಿಡಿದು, ಉಪ್ಪಿನ ಚೀಲ ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಹತ್ತಿದಳು. ಎಡಗಾಲಿನ ಸ್ಕೀ ತುಸು ಹೊರಕ್ಕೆ ಎಳೆಯುತ್ತಿತ್ತು, ಬಿಟ್ಟರೆ ದೋಷವಿರಲಿಲ್ಲ. ಇಳಿಜಾರಿನ ಅರ್ಧದಲ್ಲಿ ಎರೆಸ್ ಅಪ್ಪಳಿಸಿದ ಮರ ಸಿಕ್ಕಿತು. ತೊಗಟೆ ಜಜ್ಜಿಹೋದ ಗುರುತು ಇನ್ನೂ ಇತ್ತು. ವರ್ಷವಿಡೀ ಅವಳು ಆ ಜಾಗವನ್ನು ನೆನೆದಾಗಲೆಲ್ಲ ಅತ್ತಿದ್ದಳು. ಈಗ ಅಳು ಬರಲಿಲ್ಲ. ಸಿಟ್ಟು ಅಡಿಯಿಂದ ಮುಡಿಯವರೆಗೆ ಏರಿ ಬಂತು.

"ಪಂದ್ಯವಂತೆ, ಪಂದ್ಯ!" ಅವಳು ಮರಕ್ಕೆ ಕೋಲಿನಿಂದ ಬಾರಿಸಿದಳು. "ನಿನ್ನ ಅಣ್ಣನ ಮಾತು ಕೇಳಲಿಲ್ಲ. ನನಗೆ ಒಂದು ಮಾತು ಹೇಳಲಿಲ್ಲ. ಯಾರಿಗೆ ತೋರಿಸ್ಬೇಕಿತ್ತೋ ನಿನ್ನ ಓಟ?"

ಕೊಂಬೆಯ ಮೇಲಿನ ಹಿಮ ಉದುರಿ ಅವಳ ಹೆಗಲ ಮೇಲೆ ಬಿತ್ತು. ಅವಳು ಅದನ್ನು ಕೊಡವಿಕೊಳ್ಳಲಿಲ್ಲ. ಗಂಟಲು ಕಟ್ಟುವವರೆಗೆ ಬೈದಳು. ಬದುಕಿದ್ದಾಗ ಬೈಯದೆ ಉಳಿಸಿದ್ದನ್ನೂ ಸೇರಿಸಿ ಬೈದಳು. ಆಮೇಲೆ ಮೂಗು ಒರೆಸಿಕೊಂಡು, ಮೊಣಕಾಲು ಬಾಗಿಸಿ, ಕಣಿವೆಯ ತಳಕ್ಕೆ ಜಾರಿದಳು.

ಕುದುರೆಗಳು ನಾಲ್ಕೇ ಇದ್ದವು. ಐದನೆಯದನ್ನು ತೋಳ ತಿಂದ ಗುರುತು ಸ್ವಲ್ಪ ದೂರದಲ್ಲಿತ್ತು. ಅವಳು ಕೈಗವಸು ತೆಗೆದು ಉಪ್ಪು ಚಾಚಿದಳು. ಕೆಂದು ಹೆಣ್ಣುಕುದುರೆ ಎಲ್ಲಕ್ಕಿಂತ ಮೊದಲು ಬಂದು ಅವಳ ಅಂಗೈ ನೆಕ್ಕತೊಡಗಿತು.