ಅರವತ್ತನಾಲ್ಕು ಭೀಮಮ್ಮ

ಮರಳಗಡಿಯಾರ ತಲೆಕೆಳಗಾಯಿತು, ಮತ್ತೆ ತಲೆಕೆಳಗಾಯಿತು, ಕಂಪ್ಯೂಟರ್ ಪರದೆಯ ನಡುವಿನ ಈ ಪುಟ್ಟ ಗಾಜಿನ ಬುರುಡೆಯನ್ನು ನೋಡುತ್ತಲೇ ನನ್ನ ಅರ್ಧ ಆಯುಷ್ಯ ಹೋಯಿತು, ಪಟ್ಟಿಯಿಂದ ಒಂದು ಫಾಂಟ್ ಆರಿಸಬೇಕು, ಕಾಯಬೇಕು, ಅಕ್ಷರಗಳು ಮೈಮುರಿದು ಬೇರೆ ರೂಪ ತಾಳುವುದನ್ನು ನೋಡಬೇಕು, ಇದಲ್ಲ ಅಂದರೆ ಮತ್ತೆ ಪಟ್ಟಿ, ಮತ್ತೆ ಬುರುಡೆ — ಹಿಂದೆ ಸ್ಟೂಲಿನ ಮೇಲೆ ಭೀಮಮ್ಮ ಕೂತಿದ್ದಾಳೆ, ಆಕೆಯ ಉಸಿರು ನನ್ನ ಬಲಗಿವಿಗೆ ತಾಗುತ್ತಿದೆ, ಎಲೆಅಡಿಕೆ, ಅದರ ಹಿಂದೆ ತುರ್ಭೆ ಮಾರ್ಕೆಟ್ಟಿನ ಈರುಳ್ಳಿ ಗೋಣಿಯ ಒಣ ವಾಸನೆ, ಬೆಳಿಗ್ಗೆಯೆಲ್ಲ ಗೋಣಿ ಹೊಲಿದು ಬೇಲಾಪುರ ರಸ್ತೆಯ ಬಸ್ಸಿನಲ್ಲಿ ನಿಂತುಕೊಂಡೇ ಬಂದಿರಬೇಕು, ಕಾಲಿನ ಧೂಳು ಹಾಗೇ ಇದೆ. ಅಕ್ಕಾ, ಇದ್ರಾಗ ನಾ ಎಲ್ಲಿದೀನಿ, ಅನ್ನುತ್ತಾಳೆ, ಮೂರನೇ ಸಲ. ಇಲ್ಲಿ, ಮೇಲಿನ ಸಾಲಲ್ಲಿ, ಅನ್ನುತ್ತೇನೆ. ಹಂಗ ನೀವು ಹೇಳಬ್ಯಾಡ್ರಿ, ನನಗ ಕಾಣಬೇಕು, ಅನ್ನುತ್ತಾಳೆ. ಸರಿಯೇ. ಕಿರಿಮಗಳ ಮದುವೆ, ಹದಿನೈದು ದಿನ ಉಳಿದಿದೆ, ಲಗ್ನಪತ್ರಿಕೆಯಲ್ಲಿ ತನ್ನ ಹೆಸರು ಇರಬೇಕು, ಇದೆ ಎಂದು ಯಾರೂ ಹೇಳುವುದು ಬೇಡ, ತನ್ನ ಕಣ್ಣಿಗೇ ಗುರುತು ಸಿಗಬೇಕು, ಆಮೇಲೆ ಅಚ್ಚಿಗೆ ಕೊಡುವ ಟ್ರೇಸಿಂಗ್ ಕಾಗದ ತಾನೇ ಕೈಯಲ್ಲಿ ಹಿಡಿದು ವಾಗ್ಳೆ ಎಸ್ಟೇಟಿನ ಪ್ರೆಸ್ಸಿಗೆ ಹೋಗುವುದು — ಇಷ್ಟೇ ಆಕೆಯ ಬೇಡಿಕೆ. ಗಡಿಯಾರ ನಾಲ್ಕೂಕಾಲು. ಗಾಜಿನ ಬಾಗಿಲಿನಾಚೆಯಿಂದ ಅಂಗಡಿಯ ಯಜಮಾನ ಮಧ್ವರಾಜರ ದನಿ, ಮೋಹಿನಿಯವ್ರೇ ಇನ್ನೂ ಆಗ್ಲಿಲ್ವಾ, ಒಂದು ಹೆಸರಿಗೆ ಎಷ್ಟು ಹೊತ್ತು ಮಾರಾಯ್ರೆ, ಹುಡುಗಿ ನೋಡ್ಲಿಕ್ಕೆ ಹೋದವ್ರೂ ಇಷ್ಟು ಹೊತ್ತು ತಗೊಳ್ಳುದಿಲ್ಲ. ಬಾಗಿಲು ತೆರೆದು ತಲೆ ಒಳಗೆ ತೂರಿಸಿ, ದನಿ ಇಳಿಸಿ, ಸಿದ್ರಾಮಪ್ಪನ ಫೋನ್ ಬಂದಿತ್ತು, ಐದಕ್ಕೆ ಬರ್ತಾರಂತೆ, ದೊಡ್ಡ ಹುಡುಗಿಯ ಹಳೇ ಕಾರ್ಡಿನ ಹಾಗೇ ಮಾಡಿ ಅಂತ ಹೇಳಿದ್ದಾರೆ, ಅವ್ರ ಮನೆ ವಿಷಯ, ನಮಗೆಂತಕ್ಕೆ ಹೇಳಿ. ಸಿದ್ರಾಮ ಈಕೆಯ ಭಾವ, ಗಂಡನ ಅಣ್ಣ. ಹಳೇ ಕಾರ್ಡಿನ ಹಾಗೇ. ಕೆಳಗೆ ಕೋಪರಿಯ ಗಲ್ಲಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆಯುತ್ತಲೇ ಇದ್ದಾರೆ, ಸ್ಟೇಷನ್ನಿನ ಮೈಕಿನಲ್ಲಿ ಕಲ್ಯಾಣ್ ಸ್ಲೋ ಟ್ರೈನಿನ ಕೂಗು, ಹಳೇ ಕಾರ್ಡು — ಮೊದಲು ಕೂಸು ಹೋಯಿತು, ಬೇಡ, ಅದನ್ನು ಈಗ ನೆನೆಯಬಾರದು, ಕೆಲಸ ನೋಡು.

ಕೆಲಸ ಅಂದರೆ ಈ ಆಲ್ಬಂ, ಪ್ಲಾಸ್ಟಿಕ್ ಹಾಳೆಗಳ ದಪ್ಪ ಫೈಲು, ಅರವತ್ತನಾಲ್ಕು ಫಾಂಟಿನಲ್ಲಿ ಒಂದೇ ಮಾತು, ಶುಭವಿವಾಹ, ಶುಭವಿವಾಹ, ಶುಭವಿವಾಹ, ಮೊದಲು ಹೀಗಿರಲಿಲ್ಲ, ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ತೆರೆದು ತೋರಿಸುತ್ತಿದ್ದೆ, ಇಪ್ಪತ್ತನೆಯದಕ್ಕೆ ಬರುವಾಗ ಎರಡನೆಯದು ಅವರಿಗೂ ನೆನಪಿಲ್ಲ ನನಗೂ ನೆನಪಿಲ್ಲ, ಕೊನೆಗೆ ಯಾವುದಾದ್ರೂ ಹಾಕಿ ಎಂದು ಎದ್ದು ಹೋಗುತ್ತಿದ್ದರು, ಒಂದು ಕಂಪೆನಿಯ ಫಾಂಟಿನಲ್ಲಿ ಬಡಿದ ಅಕ್ಷರಕ್ಕೆ ಇನ್ನೊಂದು ಕಂಪೆನಿಯ ಫಾಂಟಿನ ಅಂಗಿ ತೊಡಿಸಿದರೆ ಹೆಸರು ಮಾಯವಾಗಿ ಬರೀ ಕೊಂಕಿ, ಚುಕ್ಕೆ, ಮರಾಠಿಯ ಯಾವುದೋ ಅರ್ಧ ಅಕ್ಷರ, ಮತ್ತೆ ಮೊದಲಿನಿಂದ ಟೈಪು ಮಾಡಬೇಕು. ಅದಕ್ಕೇ ಎಲ್ಲವನ್ನೂ ಅಚ್ಚು ತೆಗೆದು ಆಲ್ಬಂ ಮಾಡಿದೆ, ಆದರೆ ಯಾವುದನ್ನು ಯಾವುದರ ಪಕ್ಕ ಇಡುವುದು, ಇಂಗ್ಲಿಷ್ ಹೆಸರಿನ ಕ್ರಮದಲ್ಲಿ ಇಟ್ಟರೆ ದಪ್ಪದ ಪಕ್ಕ ಸಣ್ಣದು, ಸೊಟ್ಟದ ಪಕ್ಕ ನೆಟ್ಟಗಿನದು — ಆ ಭಾನುವಾರ ಡೊಂಬಿವಲಿಯ ಮನೆಯಲ್ಲಿ ಹಾಳೆಗಳನ್ನು ನೆಲಕ್ಕೆ ಹರಡಿ ತಲೆ ಹಿಡಿದುಕೊಂಡು ಕೂತಿದ್ದೆ, ಕುಕ್ಕರ್ ಮೂರು ಸೀಟಿ ಹೊಡೆದದ್ದೂ ಕೇಳಲಿಲ್ಲ, ಮಗಳು ಸೋನಾಲಿ ಬಂದು ಪಕ್ಕದಲ್ಲಿ ಮಂಡಿಯೂರಿದಳು, ಹನ್ನೆರಡು ವರ್ಷ, ಕನ್ನಡ ಮಾತು ತಿಳಿಯುತ್ತದೆ, ಓದಲು ಒಂದಕ್ಷರ ಬಾರದು, ಉತ್ತರ ಕೊಡುವುದು ಹಿಂದಿಯಲ್ಲಿ. ಮಮ್ಮೀ, ಯೇ ತೀನೋಂ ತೋ ಸೇಮ್ ಹೈ, ಅಂದಳು. ಸೇಮ್ ಅಲ್ಲ ಮಗಾ, ಇದರ ಶ ನೋಡು, ಅದರ ಶ ನೋಡು, ಅಂದೆ. ಮುಝೇ ಕ್ಯಾ ಪತಾ ಶ ಕೌನ್ಸಾ, ಲೇಕಿನ್ ಯೇ ಸಬ್ ಜಲೇಬಿ ಹೈ, ಔರ್ ಯೇ ಸಬ್ ಮೋಟಾ ಪೆಹಲ್ವಾನ್. ಶ ಯಾವುದೆಂದೇ ಗೊತ್ತಿಲ್ಲದ, ಓದಲು ಬಾರದ ಕಣ್ಣು, ಆಕಾರ ಮಾತ್ರ ನೋಡುತ್ತದೆ, ಅರ್ಧ ಗಂಟೆಯಲ್ಲಿ ಏಳು ಗುಂಪು ಮಾಡಿಬಿಟ್ಟಳು, ಜಲೇಬಿ, ಪೈಲ್ವಾನ, ಸೂಜಿ, ಓಡುವುದು, ಮಲಗಿದ್ದು, ಶಾಲೆ, ಪೆಟ್ಟಿಗೆ, ಅಂದಿನಿಂದ ಗಿರಾಕಿಗೆ ಗುಂಪಿಗೊಂದರಂತೆ ಏಳೇ ತೋರಿಸುತ್ತೇನೆ, ಗುಂಪು ಆರಿಸಿಕೊಂಡ ಮೇಲೆ ಅದರೊಳಗೆ ಎರಡೆರಡು, ಕನ್ನಡಕದ ಡಾಕ್ಟರು ಗಾಜು ಬದಲಿಸುತ್ತ ಕೇಳುತ್ತಾರಲ್ಲ, ಇದಾ, ಇದಾ, ಹಾಗೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಮಧ್ವರಾಜರು ಹೊಗಳಿದರು, ಭಾರೀ ಮಂಡೆ ನಿಮ್ಮದು. ಮಂಡೆ ನನ್ನದಲ್ಲ, ಕನ್ನಡ ಬಾರದ ನನ್ನ ಮಗಳದು, ಅದನ್ನು ಹೇಳಲಿಲ್ಲ, ಮುಂದೊಂದು ದಿನ ಅವಳದೇ ಕಾರ್ಡು ಅಚ್ಚಾದಾಗ ಅದರಲ್ಲಿ ಅಮ್ಮನ ಹೆಸರು ಇದೆಯೋ ಇಲ್ಲವೋ ಅವಳಿಗೂ ಯಾರಾದರೂ ಹೇಳಬೇಕು, ಇದೆ ಅಂದರೆ ನಂಬಬೇಕು.

ನಂಬಿದ್ದಳು, ಭೀಮಮ್ಮ. ಮಧ್ಯಾಹ್ನ ಬಂದವಳೇ ಹೇಳಿದಳಲ್ಲ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, ಹೋದ ಸಲ ಹಿರೇಮಗಳ ಪತ್ರಿಕಿ ಇಲ್ಲೇ ಮಾಡ್ಸಿದ್ರು ನಮ್ ಭಾವ, ಇಲ್ಲಿ ಅದ ನೋಡು ನಿನ್ ಹೆಸ್ರು ಅಂತ ಕೆಳಗಿನ ಸಾಲು ತೋರ್ಸಿದ್ರು, ಮುನ್ನೂರು ಪತ್ರಿಕಿಗೂ ಆ ಸಾಲಿಗೆ ನಾನೇ ಅರಿಶಿಣ ಹಚ್ಚೀನ್ರಿ. ಆಮೇಲೆ ತುರ್ಭೆಯ ಚಾಳಿನಲ್ಲಿ ವಠಾರದ ಹೆಂಗಸರಿಗೆ ಅಕ್ಷರ ಕಲಿಸಲು ಅನಸೂಯಾ ಟೀಚರ್ ಬಂದರು, ಈಕೆ ಕಲಿತದ್ದು ಒಂದೇ ಮಾತು, ತನ್ನ ಹೆಸರು, ಟೀಚರ್ ಚಿತ್ರದ ಹಾಗೆ ಹೇಳಿಕೊಟ್ಟರಂತೆ, ಮೊದಲನೇ ಅಕ್ಷರದ ಪಕ್ಕ ಒಂದು ಕುಡಗೋಲು, ನಡುವೆ ಒಬ್ಬಳು ಸುಮ್ಮನೆ ನಿಂತವಳು, ಕೊನೆಯಲ್ಲಿ ಒಬ್ಬ ತಾಯಿ, ಆಕೆಯ ಕಾಲ ಬಳಿ ಕೂತ ಕೂಸು. ಭೀ, ಮ, ಮ್ಮ. ಕಲಿತ ದಿನವೇ ಟ್ರಂಕಿನಿಂದ ಹಳೇ ಕಾರ್ಡು ತೆಗೆದು ಹುಡುಕಿದಳಂತೆ, ಅರಿಶಿಣ ಹಚ್ಚಿದ ಸಾಲಿನಲ್ಲಿ ಕುಡಗೋಲಿಲ್ಲ, ಕೂಸಿಲ್ಲ, ಭಾವನನ್ನು ಕೇಳಿದರೆ, ಅಚ್ಚಿನ ಅಕ್ಷರ ಬ್ಯಾರೆ ಇರ್ತಾವು, ನಿನಗ ಗುರ್ತು ಹತ್ತಂಗಿಲ್ಲ ಅಂದನಂತೆ. ಖರೇ ಏನ್ರಿ ಅಕ್ಕಾ, ಅಚ್ಚಿಂದು ಬ್ಯಾರೆನ? ಹ್ಞೂಂ, ಒಂದೊಂದು ಒಂದೊಂದು ಥರ ಇರುತ್ತೆ, ಅಂದೆ, ಅರವತ್ತನಾಲ್ಕು ಥರ, ಸುಳ್ಳೇನಲ್ಲ, ಆದರೆ ಸುಳ್ಳಿಗೆ ಆಧಾರವಾಗುವ ನಿಜ. ಯಾಕೆಂದರೆ ನನಗೆ ಗೊತ್ತು, ಆ ಸಾಲಿನಲ್ಲಿ ಇದ್ದದ್ದು ತಮ್ಮ ಆಗಮನವನ್ನು ಬಯಸುವ ಅಂತ, ಹೆಸರಲ್ಲ. ಮೂರು ವರ್ಷದ ಹಿಂದೆ ಇದೇ ಕುರ್ಚಿ, ಇದೇ ಕೀಬೋರ್ಡು, ಹಿರಿಮಗಳು ತಾನೇ ಬರೆದುಕೊಟ್ಟ ಕಾಗದದಲ್ಲಿ ಎಲ್ಲಕ್ಕಿಂತ ಮೇಲೆ ಶ್ರೀಮತಿ ಭೀಮಮ್ಮ ಅಂತ ಇತ್ತು, ಟೈಪು ಮಾಡಿದ್ದೆ, ಸಿದ್ರಾಮ ಹಿಂದೆ ನಿಂತು ಓದಿದ, ಅಕ್ಕಾರ, ಆ ಹೆಸ್ರು ತಗೀರಿ, ಗಂಡ ಸತ್ತಾಕಿ ಹೆಸ್ರು ಮಂಗಳಕಾರ್ಯದ ಪತ್ರಿಕಿ ಮ್ಯಾಲ ಇರಬಾರ್ದು, ನಿಮ್ ಕಡೆನೂ ಹಂಗ ಅಲ್ಲೇನ್ರಿ, ಅಂದ. ನಮ್ಮ ಕಡೆಯೂ ಹಾಗೇ. ನನ್ನ ದೊಡ್ಡಮ್ಮನ ಹೆಸರೂ ಯಾವ ಕಾರ್ಡಿನಲ್ಲೂ ಬರಲಿಲ್ಲ, ಒಲೆಯ ಮುಂದೆ ಕೂತು ಎಲ್ಲರ ಮದುವೆಗೂ ಹೋಳಿಗೆ ತಟ್ಟಿದಳು. ಐದು ಮೂವತ್ತೆರಡರ ಟ್ರೈನು ತಪ್ಪಿದರೆ ಸೋನಾಲಿ ನೆರೆಮನೆಯ ಮೆಟ್ಟಿಲ ಮೇಲೆ ಕೂತಿರುತ್ತಾಳೆ, ಅಷ್ಟೇ ಯೋಚಿಸಿದೆ, ಬ್ಯಾಕ್‌ಸ್ಪೇಸ್ ಒತ್ತಿದೆ, ಈ ಫಾಂಟುಗಳಲ್ಲಿ ಒತ್ತಕ್ಷರ ಬೇರೆಯೇ ತುಂಡು, ಒಂದು ಸಲ ಒತ್ತಿದರೆ ಅದೊಂದೇ ಹೋಗುತ್ತದೆ — ಮೊದಲು ಕೂಸು ಹೋಯಿತು, ಆಮೇಲೆ ತಾಯಿ, ಆಮೇಲೆ ನಡುವೆ ನಿಂತವಳು, ಕುಡಗೋಲು, ಎಲ್ಲ. ಆಗ ನನಗೆ ಅವು ಕೂಸು, ತಾಯಿ ಅಂತ ಗೊತ್ತಿರಲಿಲ್ಲ, ಇವತ್ತು ಮಧ್ಯಾಹ್ನ ಗೊತ್ತಾಯಿತು. ಹೆಸರು ಹೋದ ಜಾಗವನ್ನು ಮುಚ್ಚಿ ಕೆಳಗಿನ ಸಾಲುಗಳನ್ನು ಮೇಲೆಳೆಯಬೇಕಿತ್ತು, ಎಳೆಯಲಿಲ್ಲ, ಅವಸರವೋ ಇನ್ನೇನೋ, ಮುನ್ನೂರು ಕಾರ್ಡಿನಲ್ಲೂ ಸಿದ್ರಾಮನ ಹೆಸರಿನ ಮೇಲೆ ಒಂದು ಸಾಲಿನಷ್ಟು ಬಿಳಿ ಉಳಿಯಿತು.

ಶುಭವಿವಾಹದ ಆಲ್ಬಂ ಈಕೆಗೆ ಉಪಯೋಗವಿಲ್ಲ, ಜನ ತಮ್ಮ ಹೆಸರನ್ನಷ್ಟೇ ನೋಡುತ್ತಾರೆ, ಈಕೆಗಂತೂ ಬೇರೇನೂ ಓದಲು ಬಾರದು, ಅದಕ್ಕೆ ಮೂರು ಗಂಟೆಯಿಂದ ಕೂತು ಭೀಮಮ್ಮ ಎಂದೇ ಬಡಿದೆ, ಅರವತ್ತನಾಲ್ಕು ಸಲ, ಅರವತ್ತನಾಲ್ಕು ಫಾಂಟಿನಲ್ಲಿ, ಸಾಲಿಗೊಂದು, ಗುಂಪಿಗೊಂದು ಹಾಳೆ, ಪ್ರಿಂಟರಿನಿಂದ ಬಿಸಿಬಿಸಿಯಾಗಿ ಬಂದ ಏಳು ಹಾಳೆಯಲ್ಲಿ ಆರು ಆಕೆಯ ಮಡಿಲಲ್ಲಿವೆ, ಮತ್ತೆ ಹಾಳೆಯಲ್ಲಿ ಕಂಡದ್ದು ಪರದೆಯಲ್ಲೂ ಕಾಣಬೇಕು ಅನ್ನುತ್ತಾಳೆ, ಅದಕ್ಕೇ ಈ ಬುರುಡೆ. ಜಲೇಬಿ ಹಾಳೆ ನೋಡಿ, ಇವು ಎಲ್ಲಾ ಹಬ್ಬಕ್ಕ ಹೊಂಟಾಂಗ ಅದಾವ, ನಾ ಅಲ್ಲ, ಅಂದಳು. ಪೈಲ್ವಾನ ನೋಡಿ ನಕ್ಕಳು, ಇದು ನಮ್ ಭಾವ. ಮಲಗಿದ್ದು ಹಾಳೆಯಲ್ಲಿ ಕೂಸು ತಾಯಿಯಿಂದ ದೂರ ಸರಿದು ಕೂತಿದೆ, ಪೆಟ್ಟಿಗೆಯಲ್ಲಿ ಕುಡಗೋಲಿಗೆ ಮೊನೆಯೇ ಇಲ್ಲ. ಸೂಜಿ, ಓಡುವುದು ಎರಡನ್ನೂ ನೋಡಿ ಬದಿಗಿಟ್ಟಳು, ಉಳಿದದ್ದು ಶಾಲೆ, ಸೋನಾಲಿ ಅದಕ್ಕೆ ಆ ಹೆಸರಿಟ್ಟದ್ದು ಬಿಡಿಬಿಡಿಯಾಗಿ, ನೆಟ್ಟಗೆ, ಪ್ರಾರ್ಥನೆಗೆ ನಿಂತ ಮಕ್ಕಳ ಹಾಗಿದೆ ಎಂದು, ಒಂಬತ್ತು ಫಾಂಟು, ಐದನೆಯದು ನನಗೆ ಗೊತ್ತು, ಹಳೇ ಕಾರ್ಡು ಮಾಡಿದ್ದು ಅದರಲ್ಲೇ. ಆ ಹಾಳೆಯನ್ನು ಕೊನೆಗೆಂದು ನನ್ನ ಬಳಿ ಇಟ್ಟುಕೊಂಡವಳು ನಾನೇ, ಬೇಕೆಂದೇ, ಅದೊಂದು ತೋರಿಸದೆ ಬಿಟ್ಟರೂ ಈಕೆಗೆ ತಿಳಿಯುವುದಿಲ್ಲ, ಓಡುವುದು ಹಾಳೆಯಲ್ಲಿ ಒಂದನ್ನು ಹಿಡಿದು ಇದೇ ನೋಡಿ ನೀವು ಅಂದರೆ ತಲೆಯಾಡಿಸಬಹುದು, ಅಚ್ಚಿನ ಅಕ್ಷರ ಬೇರೆ ಎಂದು ಆಗಲೇ ನಂಬಿದ್ದಾಳೆ, ಐದನೆಯದರಲ್ಲಿ ತನ್ನ ಗುರುತು ಸಿಕ್ಕರೆ ಅದೇ ಅಕ್ಷರದ ಹಳೇ ಕಾರ್ಡನ್ನೂ ಓದಿಬಿಡುತ್ತಾಳೆ, ಹೆಸರಿಲ್ಲವೆಂದು ತಿಳಿದುಬಿಡುತ್ತಾಳೆ — ನಾಲ್ಕೂ ಮುಕ್ಕಾಲು. ಹಾಳೆ ಕೊಟ್ಟೆ. ಯಾಕೆ ಕೊಟ್ಟೆ, ಕೈ ತಾನಾಗಿ ಮುಂದೆ ಹೋಯಿತು. ಆಕೆ ಹಾಳೆಯನ್ನು ದೂರ ಹಿಡಿದಳು, ಹತ್ತಿರ ತಂದಳು, ಬೆರಳು ಒಂದು, ಎರಡು, ಮೂರು ಎಂದು ಇಳಿಯಿತು, ಐದರಲ್ಲಿ ನಿಂತಿತು. ಆಮೇಲೆ ಬಹಳ ಮೆಲ್ಲಗೆ, ಕುಡಗೋಲು, ಅಂದಳು, ನಿಂತಾಕಿ, ಅಂದಳು, ಕೂಸು. ಇದು ನಾ. ಪರದೆಯ ಮೇಲೆ ಐದನೆಯದನ್ನೇ ಆರಿಸಿದೆ, ಬುರುಡೆ ತಿರುಗಿತು, ನಿಂತಿತು, ಮೇಲಿನ ಸಾಲಿನಲ್ಲಿ ಆಕೆ ಬಂದಳು, ಟ್ರೇಸಿಂಗ್ ಹಾಕಿದೆ, ಪ್ರಿಂಟರ್ ಗೊರ್ ಎಂದು ಎಳೆದುಕೊಂಡಿತು, ಸುರುಳಿ ಸುತ್ತಿ ರಬ್ಬರ್ ಹಾಕಿ ಆಕೆಯ ಕೈಗೇ ಕೊಟ್ಟೆ, ಹೋಗಿ, ಐದರೊಳಗೆ ಹೋಗಿಬಿಡಿ, ಅಂದೆ. ಆಕೆ ಏಳಲಿಲ್ಲ. ಪ್ಲಾಸ್ಟಿಕ್ ಚೀಲದಿಂದ ಹಳೇ ಕಾರ್ಡು ತೆಗೆದಳು, ಅರಿಶಿಣ ಕಂದಿ ಕಂದುಬಣ್ಣವಾಗಿದೆ, ಹೊಸ ಹೆಸರನ್ನು ಪಕ್ಕದಲ್ಲಿಟ್ಟು ಒಂದೊಂದೇ ಸಾಲು ನೋಡುತ್ತ ಕೆಳಗಿನಿಂದ ಮೇಲೆ ಬಂದಳು, ಬೆರಳಿನ ಉಗುರಿನಲ್ಲಿ ಗೋಣಿಯ ನಾರು, ಸಿದ್ರಾಮನ ಹೆಸರು ದಾಟಿತು, ಬಿಳಿಯ ಮೇಲೆ ನಿಂತಿತು. ಇಲ್ಲೇನಿತ್ರಿ ಅಕ್ಕಾ? ನೀವಿದ್ರಿ, ಅಂದೆ, ನಾನೇ ಅಳಿಸಿದೆ. ಆಕೆ ಬೈಯಲಿಲ್ಲ, ಅಳಲಿಲ್ಲ, ಸ್ಟೂಲನ್ನು ನನ್ನ ಪಕ್ಕಕ್ಕೆ ಎಳೆದುಕೊಂಡಳು. ಹೆಂಗ ಅಳಸ್ತಾರ, ತೋರಸ್ರಿ, ನೋಡೂಣು, ಅಂದಳು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಮಧ್ವರಾಜರು ಬನ್ನಿ ಸಿದ್ರಾಮಪ್ಪ ಅನ್ನುತ್ತಿದ್ದಾರೆ, ಟ್ರೇಸಿಂಗ್ ಆಕೆಯ ಕಂಕುಳಲ್ಲಿದೆ, ಈಗ ಇಲ್ಲಿ ಒತ್ತಿದರೆ ಅದಕ್ಕೇನೂ ಆಗುವುದಿಲ್ಲ, ಇದು ಬರೀ ಪರದೆ, ಬರೀ ಬೆಳಕು, ನನ್ನ ಬೆರಳು ಅಳಿಸುವ ಕೀಲಿಯ ಮೇಲಿದೆ, ತಾಯಿಯ ಕಾಲ ಬಳಿ ಕೂಸು ಕೂತಿದೆ, ಒತ್ತಿದರೆ ಮೊದಲು ಹೋಗುವುದು ಅದೇ, ಒಂದೇ ಸಲ ಒತ್ತಿದರೆ ಸಾಕು, ಬೆರಳು ಇಳಿಯುತ್ತಿಲ್ಲ, ಕೂಸು ಕೂತಿದೆ, ಅದರ ಪಕ್ಕದಲ್ಲಿ ಕರ್ಸರಿನ ಸಣ್ಣ ಗೆರೆ ಮಿನುಗುತ್ತಿದೆ, ಕೂಸು —