ಕೆಂಪು ಗೀಟು

ಬುಲ್ಡೋಜರ್ ಕೆಟ್ಟರೆ ಮೊದಲು ಮಿಸ್ತ್ರಿಯ ಬಾಯಿ ಬಂದ್ ಮಾಡಿಸಬೇಕು, ಆಮೇಲೆ ಎಂಜಿನ್. ಈ ಮಾತು ಹೇಳುತ್ತಿರುವ ನಾನೇ ಮಿಸ್ತ್ರಿ. ಹೆಸರು ಗುರಲಿಂಗಪ್ಪ, ವಯಸ್ಸು ಐವತ್ನಾಲ್ಕು, ವಾಸ ಕುರ್ಲಾದ ಚಾಳು, ಹೊಟ್ಟೆಪಾಡು ಹೈಡ್ರಾಲಿಕ್ ರಿಪೇರಿ. ಮೂವತ್ತು ವರ್ಷಗಳಿಂದ ಮುಂಬಯಿಯ ಮಣ್ಣು ತಳ್ಳುವ ಯಂತ್ರಗಳನ್ನು ಬಿಚ್ಚಿ ಕಟ್ಟುತ್ತಿದ್ದೇನೆ. ಕೆಲಸಕ್ಕಿಂತ ಮಾತಾಡಿದ್ದೇ ಹೆಚ್ಚು.

ನನಗೊಂದು ಅಭ್ಯಾಸವಿದೆ. ಬಿಗಿ ಮಾಡಿದ ಪ್ರತಿಯೊಂದು ನಟ್ಟಿಗೂ ಅದರ ಪಕ್ಕದ ಕಬ್ಬಿಣಕ್ಕೂ ಸೇರಿಸಿ ಕೆಂಪು ನೇಲ್ ಪಾಲಿಶ್‌ನಲ್ಲಿ ಒಂದು ಗೀಟು ಎಳೆಯುತ್ತೇನೆ. ನಟ್ಟು ಅಲುಗಿದರೆ ಗೀಟು ಮುರಿಯುತ್ತದೆ, ನೋಡಿದ ಕೂಡಲೇ ತಿಳಿಯುತ್ತದೆ. ಪಾಲಿಶ್ ನನ್ನ ಹೆಂಡತಿ ಶಿವಕುಮಾರಿಯದು. ಅವಳ ಉಗುರಿಗಿಂತ ನನ್ನ ನಟ್ಟುಗಳಿಗೇ ಅದು ಹೆಚ್ಚು ಖರ್ಚಾಗಿದೆ. ‘ಗೀಟು ಇದ್ದರೆ ಗುರಲಿಂಗಪ್ಪನ ಕೆಲಸ, ಇಲ್ಲದಿದ್ದರೆ ಕೆಲಸವೇ ಆಗಿಲ್ಲ’ ಎಂದು ನಾನೇ ಸೈಟ್ ಸೈಟಿಗೆ ಹೋಗಿ ಸಾರಿಕೊಂಡು ಬಂದಿದ್ದೆ.

ಅವತ್ತು ಪವಾಯಿಯ ಗುಡ್ಡದ ಸೈಟಿನಿಂದ ಫೋನ್ ಬಂತು. ಮಾಡಿದವರು ಅಲ್ಲಿನ ಮ್ಯಾನೇಜರ್ ಧನರಾಜ್, ಮಂಗಳೂರಿನವರು.

“ಗುರಲಿಂಗಣ್ಣ, ಒಮ್ಮೆ ಬನ್ನಿ ಮಾರಾಯ್ರೆ. ಡೋಜರ್ ನೆಟ್ಟಗೆ ಹೋಗುದೇ ಇಲ್ಲ. ಎಡಕ್ಕೇ ಎಳೀತದೆ.”

ಹಿಂದಿನ ವಾರವಷ್ಟೇ ಅದೇ ಡೋಜರ್ ಎಂಜಿನ್ ನಿಂತು ಕೆಸರಿನಲ್ಲಿ ಸಿಕ್ಕಿಕೊಂಡಾಗ, ಅದನ್ನು ಎಳೆಸಿ ಹೊರಗೆ ತಂದು ಸರಿಮಾಡಿ ಬಂದಿದ್ದೆ. ಇಷ್ಟು ಬೇಗ ಮತ್ತೆ ಕೆಟ್ಟಿದೆ ಎಂದರೆ ತಪ್ಪು ನನ್ನದಲ್ಲ ಎಂಬುದು ಲೋಕಲ್ ರೈಲು ಹತ್ತುವ ಮೊದಲೇ ನನಗೆ ಖಚಿತವಾಗಿತ್ತು.

ಆಪರೇಟರ್ ಅನಿಲಕುಮಾರ ಕಲಬುರಗಿ ಕಡೆಯವನು. ಒಂಬತ್ತು ವರ್ಷ ಬೇರೆಯವರ ಯಂತ್ರಗಳಿಗೆ ಗ್ರೀಸ್ ಹಚ್ಚಿ, ಕೊನೆಗೆ ಈ ಡೋಜರಿನ ಸೀಟು ಹಿಡಿದವನು.

“ಕಾಕಾ, ಮುಂಜಾನಿ ಛಲೋ ನಡೀತದ್ರಿ. ಎಣ್ಣಿ ಬಿಸಿ ಆದಂಗ ಎಡಗಡಿ ಚೈನಿಗಿ ಬಲಾನೇ ಇರಂಗಿಲ್ಲ. ನೀವು ಬಂದು ಹೋದ ಎರಡು ದಿನಕ್ಕ ಸುರು ಆತು ನೋಡ್ರಿ.”

ಅವನ ಕೊನೆಯ ಮಾತು ನನಗೆ ಹಿಡಿಸಲಿಲ್ಲ. ನಾನು ಬಂದು ಹೋದದ್ದಕ್ಕೂ ಯಂತ್ರ ಕೆಟ್ಟದ್ದಕ್ಕೂ ಗಂಟು ಹಾಕಲು ಇವನು ಯಾರು?

ಈ ಡೋಜರಿಗೆ ಗೇರ್ ಬಾಕ್ಸ್ ಇಲ್ಲ. ಎಂಜಿನ್ ಎರಡು ಪಂಪುಗಳನ್ನು ತಿರುಗಿಸುತ್ತದೆ, ಪಂಪು ದೂಡಿದ ಎಣ್ಣೆ ಮೋಟರನ್ನು, ಮೋಟರು ಚೈನನ್ನು. ಎಡಕ್ಕೊಂದು ಜೋಡಿ, ಬಲಕ್ಕೊಂದು ಜೋಡಿ. ತಪ್ಪು ಪಂಪಿನದೋ ಮೋಟರಿನದೋ ತಿಳಿಯಲು ಎಡ ಬಲದ ಪೈಪುಗಳನ್ನು ಅದಲುಬದಲು ಮಾಡಿದೆ. ಎಣ್ಣೆ ಬಿಸಿಯಾಗುವವರೆಗೆ ಓಡಿಸಿದಾಗ ಡೋಜರ್ ಬಲಕ್ಕೆ ಎಳೆಯತೊಡಗಿತು. ಅಂದರೆ ಮೋಟರು ನೆಟ್ಟಗಿದೆ, ತಪ್ಪು ಎಡ ಪಂಪಿನ ಕಡೆಯದು. ಪೈಪುಗಳನ್ನು ಮೊದಲಿನಂತೆ ಜೋಡಿಸಿದೆ. ಇಲ್ಲಿಯವರೆಗೆ ನಾನು ಹೇಳಿದ್ದೆಲ್ಲ ಸರಿ. ಇಲ್ಲಿಗೇ ಬಾಯಿ ಮುಚ್ಚಿದ್ದರೆ ಮರ್ಯಾದೆ ಉಳಿಯುತ್ತಿತ್ತು.

ಆದರೆ ಸುತ್ತ ಆರು ಜನ ನಿಂತು ನೋಡುತ್ತಿದ್ದರು. ಆರು ಜನ ನೋಡುತ್ತಿದ್ದರೆ ನನಗೆ ಕೊಂಬು ಮೂಡುತ್ತದೆ. ದಾದರಿನ ಆಫೀಸಿನಲ್ಲಿದ್ದ ಡೋಜರ್ ಮಾಲೀಕ ಸೇಠ್‌ಗೆ ಹಿಂದಿಯಲ್ಲಿ ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದೆ. ಎಡ ಪಂಪು ಸುಟ್ಟಿದೆ, ಎಣ್ಣೆ ಕಾದರೂ ನಿಲ್ಲಿಸದೆ ಓಡಿಸಿದ್ದಾರೆ, ಇದು ಪೂರ್ತಿ ಆಪರೇಟರನ ತಪ್ಪು. ಯಾರ ತಪ್ಪು ಎಂದು ಸೇಠ್ ಕೇಳಿಯೇ ಇರಲಿಲ್ಲ.

ಉತ್ತರ ಬೇಗ ಬಂತು. ನಾಳೆ ಪಂಪು ಇಳಿಸಿ, ಅನಿಲಕುಮಾರನನ್ನು ಸೀಟಿನಿಂದ ಇಳಿಸಿ.

“ಕಾಕಾ, ಎಣ್ಣಿ ಬಿಸಿ ತೋರ್ಸೂ ಕಾಟಾ ಕೆಂಪಿಗಿ ಬರೂದ್ರಾಗ ನಾ ದಿನಾ ಗಾಡಿ ನಿಲ್ಲಸ್ತೀನ್ರಿ,” ಎಂದ ಅವನು. “ನನ್ನ ಒಂದು ಮಾತರ ಕೇಳ್ಬೇಕಿತ್ತಲ್ರಿ.”

“ಮಶೀನು ಸುಳ್ಳು ಹೇಳಂಗಿಲ್ಲೋ ತಮ್ಮಾ,” ಎಂದೆ, ದೊಡ್ಡ ಮನುಷ್ಯನಂತೆ.

ಪಂಪು ಸುಟ್ಟವನೆಂದು ಒಮ್ಮೆ ಹೆಸರು ಬಿದ್ದರೆ ಈ ಊರಿನಲ್ಲಿ ಯಾವ ಸೈಟಿನವರೂ ಸೀಟು ಕೊಡುವುದಿಲ್ಲ. ಅದು ನನಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಒಬ್ಬನೇ ಪಂಪು ಬಿಚ್ಚಲು ಕುಳಿತೆ. ಚಿಂದಿಯಿಂದ ಮಣ್ಣು ಒರೆಸಿದೆ. ಬಲ ಪಂಪಿನ ಬೈಪಾಸ್ ವಾಲ್ವಿನ ಮೇಲೆ ನನ್ನ ಕೆಂಪು ಗೀಟು ಚೆಂದವಾಗಿ ಕಂಡಿತು. ಎಡ ಪಂಪಿನದನ್ನು ಒರೆಸಿದೆ. ಗೀಟಿಲ್ಲ. ಎಣ್ಣೆ ಹಾಕಿ ಇನ್ನೊಮ್ಮೆ ತಿಕ್ಕಿದೆ. ಮುರಿದ ಗೀಟೂ ಇಲ್ಲ. ಬೆರಳಿನಿಂದ ಮುಟ್ಟಿದರೆ ವಾಲ್ವು ಸಲೀಸಾಗಿ ತಿರುಗಿತು.

ನಿಂತ ಡೋಜರನ್ನು ಎಳೆಯುವಾಗ ಈ ಎರಡು ವಾಲ್ವುಗಳನ್ನು ಸಡಿಲಿಸುತ್ತೇವೆ. ಆಗ ಎಣ್ಣೆ ಒಳಗೊಳಗೇ ಸುತ್ತಿ, ಚೈನು ತಡೆಯಿಲ್ಲದೆ ತಿರುಗುತ್ತದೆ. ಎಳೆದಾದ ಮೇಲೆ ಮರೆಯದೆ ಬಿಗಿಯಬೇಕು. ಹಿಂದಿನ ವಾರ ಬಲಗಡೆಯದನ್ನು ಬಿಗಿದು ಗೀಟು ಎಳೆದಿದ್ದೆ. ಎಡಗಡೆಯದನ್ನು ಕೈಯಲ್ಲಿ ತಿರುಗಿಸಿ ಕೂರಿಸಿ, ಪಾನಾ ಹಾಕಿ ಬಿಗಿಯುವಷ್ಟರಲ್ಲಿ ಚಹಾ ಬಂತು. ಚಹಾದ ಜೊತೆ ನನ್ನ ಕಥೆ ಶುರುವಾಯಿತು. ಠಾಣೆಯ ಕ್ವಾರಿಯಲ್ಲಿ ಮೂವರು ಇಂಜಿನಿಯರುಗಳು ಕೈಬಿಟ್ಟ ಯಂತ್ರವನ್ನು ನಾನೊಬ್ಬನೇ ಎಬ್ಬಿಸಿದ ಕಥೆ. ಕಥೆಯಲ್ಲಿ ಯಂತ್ರ ಎದ್ದಿತು, ಇಲ್ಲಿ ವಾಲ್ವು ಹಾಗೇ ಉಳಿಯಿತು. ಆಮೇಲೆ ಓಡಾಟದ ನಡುಕಕ್ಕೆ ದಿನದಿನಕ್ಕೂ ಸಡಿಲವಾಗಿದೆ. ತಣ್ಣಗಿರುವಾಗ ಮಂದವಾದ ಎಣ್ಣೆ ಹೇಗೋ ತಳ್ಳುತ್ತಿತ್ತು, ಬಿಸಿಯಾಗಿ ತೆಳ್ಳಗಾದೊಡನೆ ಅಲ್ಲಿಂದ ನುಣುಚಿಕೊಳ್ಳುತ್ತಿತ್ತು.

ಸುತ್ತ ಯಾರೂ ಇರಲಿಲ್ಲ. ಪಾನಾ ಹಾಕಿ ಬಿಗಿದೆ. ಈಗ ಒಂದು ಗೀಟು ಎಳೆದರೆ ಮುಗಿಯಿತು. ಹೊಸ ಪಂಪಿಲ್ಲದೆ ಡೋಜರ್ ಓಡಿಸಿದ ಗುರಲಿಂಗಪ್ಪ ಎಂದು ಪವಾಯಿಯಿಂದ ಠಾಣೆಯವರೆಗೆ ಹೆಸರಾಗುತ್ತದೆ. ಮುಂದಿನ ಚಹಾಕ್ಕೆ ಹೊಸ ಕಥೆಯೂ ಸಿಕ್ಕಿತು. ಸುಳ್ಳೇಕೆ ಹೇಳಲಿ, ಪಾಲಿಶ್ ಬಾಟಲಿಯ ಮುಚ್ಚಳ ತೆಗೆದೇಬಿಟ್ಟಿದ್ದೆ.

ಅಷ್ಟರಲ್ಲಿ ಮೇಲೆ ಕ್ಯಾಬಿನ್ನಿನಲ್ಲಿ ಸದ್ದಾಯಿತು. ಅನಿಲಕುಮಾರ ಚೀಲ ಹೆಗಲಿಗೆ ಹಾಕಿಕೊಂಡೇ ಮುಂದಿನ ಗಾಜು ಒರೆಸುತ್ತಿದ್ದ. ನಾಳೆ ಆ ಸೀಟಿನಲ್ಲಿ ಕೂರುವವನು ಬೇರೆ ಯಾರೋ. ಅವನಿಗೆ ದಾರಿ ಸ್ವಚ್ಛ ಕಾಣಲೆಂದು ಇವನು ಒರೆಸುತ್ತಿದ್ದ. ನನಗೆ ನಾಚಿಕೆಯಾಯಿತು. ಮೂವತ್ತು ವರ್ಷದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಬಾಟಲಿ ಮುಚ್ಚಿ ಎಲ್ಲರನ್ನೂ ಕರೆದೆ.

“ಧನರಾಜ್ ಅವರ, ಪಂಪು ಸುಟ್ಟಿಲ್ರಿ. ಎಡಗಡಿ ವಾಲ್ವ್ ನಾನ ಬಿಗಿ ಮಾಡದ ಹೋಗಿದ್ದೆ. ಅನಿಲಂದು ಏನೂ ತಪ್ಪಿಲ್ಲ.”

“ಎಂತ ಹೇಳ್ತೀರಿ ಮಾರಾಯ್ರೆ? ಮತ್ತೆ ನಿನ್ನೆ ಸೇಠ್‌ಗೆ ಅಷ್ಟುದ್ದ ಮೆಸೇಜ್ ಹಾಕಿದ್ದು ಯಾರು?”

“ಅದೂ ನಾನ.”

ಯಾರೋ ನಕ್ಕರು. ಎಲ್ಲರೆದುರೇ ಸೇಠ್‌ಗೆ ಇನ್ನೊಂದು ವಾಯ್ಸ್ ಮೆಸೇಜ್ ಕಳಿಸಿದೆ. ತಪ್ಪು ನನ್ನದು, ಆಪರೇಟರನದಲ್ಲ. ಒಂಬತ್ತು ಸೆಕೆಂಡಿನಲ್ಲಿ ಮುಗಿಯಿತು. ಅಷ್ಟು ಕಡಿಮೆ ನಾನು ಜನ್ಮದಲ್ಲಿ ಮಾತಾಡಿರಲಿಲ್ಲ.

ಅನಿಲಕುಮಾರ ಎರಡು ತಾಸು ಡೋಜರ್ ಓಡಿಸಿದ. ಎಣ್ಣೆ ಕಾಯಿತು, ಡೋಜರ್ ನೆಟ್ಟಗೇ ಹೋಯಿತು. ಸೇಠ್‌ನ ಉತ್ತರವೂ ಬಂತು: ಆಪರೇಟರ್ ಇರಲಿ, ಮಿಸ್ತ್ರಿಯನ್ನು ಆಮೇಲೆ ನೋಡೋಣ.

“ತಪ್ಪಾತೋ ತಮ್ಮಾ,” ಎಂದೆ.

ಅವನು ಕೆಳಗಿಳಿದು ಪಾನಾ ತೆಗೆದುಕೊಂಡ, ಎಡ ವಾಲ್ವನ್ನು ತಾನೇ ಬಿಗಿದು ನೋಡಿದ. ಅದು ಅಲುಗಲಿಲ್ಲ. ಬಲಗಡೆಯದನ್ನೂ ನೋಡಿದ. ಆಮೇಲೆ ನನ್ನೆದುರು ಕೈ ಚಾಚಿದ.

“ಬಾಟ್ಲಿ ಕೊಡ್ರಿ.”

ಕೊಟ್ಟೆ. ವಾಲ್ವಿನ ಮೇಲೆ ನಿಧಾನವಾಗಿ ಒಂದು ಸೊಟ್ಟ ಗೀಟು ಎಳೆದ.

“ಇನ್ನ ಮ್ಯಾಲ ಬಿಗಿ ಮಾಡೂದು ನೀವ ಮಾಡ್ರಿ ಕಾಕಾ. ಗೀಟು ನಾ ಎಳೀತೀನಿ.”

ಬಾಟಲಿಯನ್ನು ತನ್ನ ಜೇಬಿಗೆ ಹಾಕಿಕೊಂಡು ಸೀಟು ಹತ್ತಿದ. ವಾಪಸ್ ಕೇಳಲು ನನಗೆ ಬಾಯಿರಲಿಲ್ಲ.